ಮಗಳು 3 ಮತ್ತು 7 ಉಲ್ಟಾ ಬರೆಯುತ್ತಾಳೆ, ಯಾರನ್ನಾದರೂ ಕಾಣಬೇಕಾ?

ಪ್ರಶ್ನೆ

ಮಗಳಿಗೆ ಐದೂವರೆ ವರ್ಷ. ಮಾತು, ಕತೆ ಎಲ್ಲದರಲ್ಲೂ ಚುರುಕು. ಬರೆಯಲು ಕೂತರೆ ಮಾತ್ರ 3 ಮತ್ತು 7 ಉಲ್ಟಾ. ಇಂಗ್ಲಿಷ್ ಸಣ್ಣಕ್ಷರದ ಬಿ ಯಾವುದು, ಡಿ ಯಾವುದು ಅಂತ ಅವಳಿಗೆ ಲೆಕ್ಕವೇ ಇಲ್ಲ. ನಿನ್ನೆ ಹಾಳೆಯ ಬಲತುದಿಯಿಂದ ಶುರು ಮಾಡಿ ತನ್ನ ಹೆಸರನ್ನು ಪೂರ್ತಿ ಕನ್ನಡಿಯಲ್ಲಿ ಕಂಡ ಹಾಗೆ ಬರೆದಿದ್ದಳು! ಮನೆಯಲ್ಲಿ ಒಬ್ಬರು ಡಿಸ್ಲೆಕ್ಸಿಯಾ (ಓದು, ಬರಹ ಕಲಿಯಲು ಕಷ್ಟವಾಗುವ ತೊಂದರೆ) ಅಂತ ತೀರ್ಪು ಕೊಟ್ಟಾಯಿತು. ಇನ್ನೊಬ್ಬರು ದಿನಾ ಒಂದು ಪುಟ ಬರೆಸು ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ 1

ನಮ್ಮವನೂ ಹೀಗೇ ಇದ್ದ. ಎರಡನೇ ಕ್ಲಾಸಿಗೆ ಬರುವ ಹೊತ್ತಿಗೆ ತಾನಾಗಿ ನಿಂತಿತು. ತಲೆ ಕೆಡಿಸಿಕೊಳ್ಳಬೇಡಿ.

ಉತ್ತರ 2

ನಾನು ಚಿಕ್ಕ ಮಕ್ಕಳಿಗೆ ಪಾಠ ಮಾಡುವವಳು. ಇಬ್ಬರ ಮಾತನ್ನೂ ಬಿಡಿ.

ಒಂದು ಕಪ್ಪಿನ ಹಿಡಿ ಎಡಕ್ಕಿದ್ದರೂ ಬಲಕ್ಕಿದ್ದರೂ ಅದು ಅದೇ ಕಪ್ಪು, ಅಲ್ವಾ? ಹುಟ್ಟಿದಾಗಿನಿಂದ ಮಗು ಕಲಿತಿರುವುದು ಇದನ್ನೇ. ಈಗ ನಾವು ಬಂದು, ಇಲ್ಲಮ್ಮಾ, ಹೊಟ್ಟೆ ಈ ಕಡೆ ಇದ್ದರೆ ಬಿ, ಆ ಕಡೆ ಇದ್ದರೆ ಡಿ ಅನ್ನುತ್ತೇವೆ. ಅದು ಒಗ್ಗಲು ಸಮಯ ಬೇಕು. ಏಳು ವರ್ಷದವರೆಗೂ ಇದು ತೀರಾ ಸಾಮಾನ್ಯ.

ಅವಳು ಯಾವುದನ್ನು ತಿರುಗಿಸುತ್ತಾಳೆ ಅಂತ ಸ್ವಲ್ಪ ಗಮನಿಸಿ. 5, 6 ಹೆಚ್ಚಾಗಿ ಸರಿ ಇರುತ್ತವೆ. 2, 3, 7, 9 ಉಲ್ಟಾ ಆಗುವುದು ಜಾಸ್ತಿ. ದೊಡ್ಡಕ್ಷರದಲ್ಲಾದರೆ ಜೆ ಮತ್ತು ಝಡ್. ಇವೆಲ್ಲ ಎಡಕ್ಕೆ ಮುಖ ಮಾಡಿರುವಂಥವು. ನಾವು ಬರೆಯುವುದು ಬಲಕ್ಕೆ ಸಾಗುತ್ತದೆ, ಇಂಗ್ಲಿಷಿನ ಹೆಚ್ಚಿನ ದೊಡ್ಡಕ್ಷರಗಳೂ ಬಲಕ್ಕೇ ನೋಡುತ್ತವೆ. ಹಾಗಾಗಿ ದಿಕ್ಕು ನೆನಪಾಗದಿದ್ದಾಗ ಮಗು ಎಲ್ಲವನ್ನೂ ಬಲಕ್ಕೆ ತಿರುಗಿಸಿಬಿಡುತ್ತದೆ. ಸುಮ್ನೆ ಗೀಚುತ್ತಿಲ್ಲ, ತಾನೇ ಒಂದು ನಿಯಮ ಕಂಡುಕೊಂಡಿದೆ. ನನಗಂತೂ ಇದು ಜಾಣತನ ಅಂತಲೇ ಅನಿಸುತ್ತದೆ.

ಡಿಸ್ಲೆಕ್ಸಿಯಾ ಅಂದರೆ ಅಕ್ಷರ ಉಲ್ಟಾ ಕಾಣುವುದು ಅನ್ನುವ ನಂಬಿಕೆ ಹಳೆಯದು. 1925ರಲ್ಲೇ ಸ್ಯಾಮ್ಯುಯೆಲ್ ಆರ್ಟನ್ ಎಂಬ ಅಮೆರಿಕದ ವೈದ್ಯರು ಓದಿನ ತೊಂದರೆಗೂ ಇದಕ್ಕೂ ನಂಟು ಹಾಕಿದ್ದರು. ಈಗ ತಿಳಿದವರು ಅಷ್ಟು ನೇರವಾಗಿ ಹೇಳುವುದಿಲ್ಲ. ಅಲ್ಲಿ ಮುಖ್ಯ ತೊಡಕು ಅಕ್ಷರಕ್ಕೂ ಅದರ ಸದ್ದಿಗೂ ಜೋಡಿ ಕೂಡಿಸುವುದರಲ್ಲಿ.

ಪುಟಗಟ್ಟಲೆ ಬರೆಸಿದರೆ ಉಲ್ಟಾ 3 ಅನ್ನೇ ಚೆನ್ನಾಗಿ ಅಭ್ಯಾಸ ಮಾಡಿಸಿದ ಹಾಗಾಗುತ್ತದೆ, ಅಷ್ಟೇ. ಬದಲಿಗೆ ಪೆನ್ಸಿಲ್ ಎಲ್ಲಿಂದ ಹೊರಡಬೇಕು ಅಂತ ಹೇಳಿಕೊಡಿ. 3ಕ್ಕೆ ಎಡಗಡೆ ಮೇಲೆ ಒಂದು ಚುಕ್ಕಿ ಇಟ್ಟು, ಅಲ್ಲಿಂದ ಬಲಕ್ಕೆ ಹೋಗು ಅನ್ನಿ. ಬಿ ಅಂದರೆ ಮೊದಲು ಕೋಲು, ಆಮೇಲೆ ಹೊಟ್ಟೆ. ಡಿ ಅಂದರೆ ಮೊದಲು ಸಿ, ಆಮೇಲೆ ಕೋಲು. ಬೋರ್ಡಿನ ಮೇಲೆ ಇಡೀ ತೋಳು ಆಡಿಸಿ ದೊಡ್ಡದಾಗಿ ಬರೆಯಲಿ. ಕೈಗೆ ದಾರಿ ಗೊತ್ತಾದರೆ ಕಣ್ಣು ಗೊಂದಲ ಮಾಡಿಕೊಳ್ಳುವುದು ಕಡಿಮೆಯಾಗುತ್ತದೆ.

ಪ್ರಶ್ನೆ ಕೇಳಿದವರು

ಈಗಷ್ಟೇ ಅವಳ ಪುಸ್ತಕ ತೆಗೆದು ನೋಡಿದೆ ಮೇಡಂ. ನೀವು ಹೇಳಿದ ಹಾಗೇ 5, 6 ಎಲ್ಲೂ ತಪ್ಪಿಲ್ಲ! ಬಿ, ಡಿ ಎರಡನ್ನೂ ಒಟ್ಟಿಗೇ ತಿದ್ದಿಸಲಾ? ಮತ್ತೆ, ಯಾವಾಗ ನಿಜವಾಗಿ ಚಿಂತೆ ಮಾಡಬೇಕು?

ಉತ್ತರ 2 ಬರೆದವರು

ಒಟ್ಟಿಗೆ ಬೇಡವೇ ಬೇಡ. ಒಂದು ಗಟ್ಟಿಯಾಗುವ ತನಕ ಇನ್ನೊಂದರ ಸುದ್ದಿಗೆ ಹೋಗಬೇಡಿ. ಅವಳ ಹೆಸರಿನಲ್ಲಿ ಯಾವುದು ಬರುತ್ತದೋ ಅದರಿಂದ ಶುರು ಮಾಡಿ.

ಎಂಟು ದಾಟಿದ ಮೇಲೂ ಪದೇ ಪದೇ ತಿರುಗಿಸುತ್ತಿದ್ದರೆ ತೋರಿಸಿ. ಪ್ರಾಸದ ಪದ ಹಿಡಿಯಲು ಆಗುತ್ತಿಲ್ಲ, ಅಕ್ಷರದ ಸದ್ದು ಎಷ್ಟು ಹೇಳಿಕೊಟ್ಟರೂ ನಿಲ್ಲುತ್ತಿಲ್ಲ, ಮನೆಯಲ್ಲಿ ಬೇರೆ ಯಾರಿಗೋ ಓದಿನ ತೊಂದರೆ ಇತ್ತು ಅಂತಾದರೆ ಅಲ್ಲಿಯವರೆಗೂ ಕಾಯಬೇಡಿ, 3 ನೆಟ್ಟಗಿದ್ದರೂ ಸರಿ.