ಮ್ಯಾನ್‌ಹೋಲ್ ಮತ್ತೆ ಉಕ್ಕಿದೆ, ಭಾನುವಾರ ಯಾರ್ಯಾರು ಬರ್ತೀರಿ?

ಮೂಲೆ ಮನೆ: ನಿನ್ನೆ ಮಳೆಗೆ ನಮ್ಮ ಗೇಟಿನ ಮುಂದಿನ ಮ್ಯಾನ್‌ಹೋಲ್ ಮತ್ತೆ ಉಕ್ಕಿದೆ. ಈ ತಿಂಗಳು ಮೂರನೇ ಸಲ. ದೂರು ಕೊಟ್ಟರೆ ರಭಸದ ನೀರು ಬಿಟ್ಟು ಪೈಪಿನ ಕಟ್ಟು ಬಿಡಿಸುವ ಜೆಟ್ಟಿಂಗ್ ಗಾಡಿ ಬರುತ್ತದೆ, ಹೋಗುತ್ತದೆ, ಹತ್ತು ದಿನಕ್ಕೆ ಮತ್ತೆ ಅದೇ ಕತೆ. ಈ ಸಲ ಏನು ಹೊರಗೆ ಬರುತ್ತದೆ ಅಂತ ಪಕ್ಕದಲ್ಲೇ ನಿಂತು ನೋಡಿದೆ. ಹಗ್ಗದ ಹಾಗೆ ಹೊಸೆದುಕೊಂಡ ವೆಟ್ ವೈಪ್ಸ್, ಸುತ್ತ ಮೇಣದಂತೆ ಗಟ್ಟಿಯಾದ ಎಣ್ಣೆ ಜಿಡ್ಡು, ನಡುವೆ ಒಂದು ಡೈಪರ್. ಎಲ್ಲ ನಮ್ಮ ಮನೆಗಳದ್ದೇ.

ಮೊದಲ ಮಹಡಿ: ಪ್ಯಾಕೆಟ್ ಮೇಲೆ ಫ್ಲಶ್ ಮಾಡಬಹುದು ಅಂತಲೇ ಇದೆಯಲ್ಲ ಮೇಡಂ?

ಮೂಲೆ ಮನೆ: ಇರುತ್ತದೆ. ಒಂದು ವೈಪ್, ಒಂದು ಟಾಯ್ಲೆಟ್ ಪೇಪರ್ ಎರಡನ್ನೂ ರಾತ್ರಿ ನೀರಲ್ಲಿ ನೆನೆಹಾಕಿ ಬೆಳಿಗ್ಗೆ ಕೋಲಿಂದ ತಿರುಗಿಸಿ. ಯಾವುದು ಹರಿದು ಚೂರಾಗುತ್ತೆ ಅಂತ ನೀವೇ ಹೇಳಿ.

ಪಾರ್ಕ್ ಎದುರು: ಮಳೆ ಬಂದಾಗಲೇ ಯಾಕೆ ಉಕ್ಕುತ್ತೆ, ಅದನ್ನೂ ನೋಡಬೇಕಲ್ವಾ? ಒಳಚರಂಡಿ ಪೈಪಿನ ಅಳತೆ ಮನೆಯ ಕೊಳಚೆ ನೀರಿಗೆ ಮಾತ್ರ. 100 ಚದರ ಮೀಟರ್ ತಾರಸಿ ಮೇಲೆ 20 ಮಿ.ಮೀ. ಮಳೆ ಬಿದ್ದರೆ 2,000 ಲೀಟರ್ ನೀರು. ಇಂಥ ಹತ್ತು ತಾರಸಿಯ ಪೈಪು ಒಳಚರಂಡಿಗೆ ಸೇರಿದ್ದರೆ ಅದು ತಡೆಯುತ್ತಾ?

ಹಿಂದಿನ ರಸ್ತೆ: ನಮ್ಮದು ಎಲ್ಲಿಗೆ ಸೇರಿದೆ ಅಂತ ಗೊತ್ತಾಗೋದು ಹೇಗೆ ಸಾರ್? ಕಟ್ಟಿದ ಮನೆ ಕೊಂಡವರು ನಾವು.

ಪಾರ್ಕ್ ಎದುರು: ಮಳೆ ಇಲ್ಲದ ದಿನ ತಾರಸಿ ಪೈಪಿಗೆ ಬಣ್ಣ ಕದಡಿದ ಎರಡು ಬಕೆಟ್ ನೀರು ಸುರಿಯಿರಿ. ಒಬ್ಬರು ಕೆಳಗೆ ಒಳಚರಂಡಿ ಚೇಂಬರ್ ಮುಚ್ಚಳ ತೆಗೆದು ನೋಡುತ್ತಿರಲಿ. ಬಣ್ಣ ಅಲ್ಲಿ ಬಂದರೆ ತಪ್ಪು ಜೋಡಣೆ.

ಕೊನೇ ಮನೆ: ನಾನು ಬಣ್ಣ ಸುರಿಯೋದೇ ಬೇಡ. ನಮ್ಮದು ಸೇರಿಸಿದೆ, ಬೇಕಂತಲೇ ಸೇರಿಸಿದ್ದು. ಮಳೆನೀರು ಚರಂಡಿ ತುಂಬ ಕವರ್ ಕಟ್ಟಿದ ಕಸ, ನೀರು ಹಿಂದಕ್ಕೆ ತಿರುಗಿ ಅಂಗಳಕ್ಕೇ ನುಗ್ಗುತ್ತಿತ್ತು. ಬೇರೆ ದಾರಿ ಇರಲಿಲ್ಲ.

ಮೂಲೆ ಮನೆ: ಹೇಳಿದ್ದು ಒಳ್ಳೇದಾಯ್ತು. ಬೈಯೋದಲ್ಲ, ಇದೇ ನಿಜವಾದ ಗಂಟು. ಹಾಗಾದರೆ ಮೊದಲು ಆ ಚರಂಡಿ, ಆಮೇಲೆ ಪೈಪು. ಚರಂಡಿ ತೆರವಾಗುವ ತನಕ ಯಾರಿಗೂ ಪೈಪು ತಿರುಗಿಸಿ ಅಂತ ಹೇಳುವ ಹಾಗಿಲ್ಲ.

ಮೊದಲ ಮಹಡಿ: ಮ್ಯಾನ್‌ಹೋಲ್‌ಗೂ ಯಾರನ್ನಾದರೂ ದುಡ್ಡು ಕೊಟ್ಟು ಇಳಿಸಿಬಿಡೋಣ?

ಪಾರ್ಕ್ ಎದುರು: ಖಂಡಿತ ಬೇಡ. ಒಳಗಿನ ಹೈಡ್ರೋಜನ್ ಸಲ್ಫೈಡ್ ಅನ್ನೋ ವಿಷಗಾಳಿ ಜಾಸ್ತಿಯಾದರೆ ಮೂಗಿಗೆ ವಾಸನೆಯೇ ತಿಳಿಯೋದಿಲ್ಲ, ಎರಡು ಉಸಿರಿಗೆ ಮನುಷ್ಯ ಬೀಳುತ್ತಾನೆ. ಎತ್ತಲು ಇಳಿದವನೂ ಬೀಳುತ್ತಾನೆ. ಅದಕ್ಕೆ ಯಂತ್ರವೇ ಬರಲಿ.

ಮೂಲೆ ಮನೆ: ಸರಿ. ಭಾನುವಾರ 7ಕ್ಕೆ ಮಳೆನೀರು ಚರಂಡಿ ಕೆಲಸ. ತೆಗೆದ ಹೂಳನ್ನು ದಡದಲ್ಲಿ ಬಿಟ್ಟರೆ ಮುಂದಿನ ಮಳೆಗೆ ಮತ್ತೆ ಒಳಗೇ, ಅದಕ್ಕೆ ಹೂಳು ಒಯ್ಯುವ ಗಾಡಿಯವರಿಗೆ ಮೊದಲೇ ಹೇಳಿಡುತ್ತೇನೆ. ಗಂಬೂಟು ಎರಡು ಜೊತೆ ನನ್ನಲ್ಲಿವೆ, ಗುದ್ದಲಿ ಬೇಕು.

ಕೊನೇ ಮನೆ: ಗುದ್ದಲಿ ನಂದು.