ಸಿಂಥ್ ರೆಕಾರ್ಡಿಂಗ್‌ನಲ್ಲಿ ಮೂರೂವರೆ ನಿಮಿಷಕ್ಕೊಮ್ಮೆ ‘ಟಕ್’ (ಪರಿಹಾರ ಸಿಕ್ಕಿದೆ)

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಹಾರ್ಡ್‌ವೇರ್ ಸಿಂಥ್‌ನ (ಎಲೆಕ್ಟ್ರಾನಿಕ್ ವಾದ್ಯ) ಯುಎಸ್‌ಬಿ ಕೇಬಲ್ಲನ್ನು ನೇರವಾಗಿ ಮ್ಯಾಕ್‌ಗೆ ಹಾಕಿದ್ದೇನೆ. ಆಡಿಯೋ, ಮಿಡಿ (ಯಾವ ಸ್ವರ ಒತ್ತಿದೆ ಅನ್ನೋ ಮಾಹಿತಿ) ಎರಡೂ ಅದರಲ್ಲೇ ಬರುತ್ತೆ. ಸ್ಪೀಕರ್‌ಗಳು ಮಾತ್ರ ಬೇರೆ ಆಡಿಯೋ ಇಂಟರ್‌ಫೇಸ್‌ನಲ್ಲಿವೆ (ಕಂಪ್ಯೂಟರ್‌ಗೆ ಧ್ವನಿ ಒಳಗೆ-ಹೊರಗೆ ಸಾಗಿಸುವ ಪೆಟ್ಟಿಗೆ). ಎರಡನ್ನೂ ಒಟ್ಟಿಗೆ ಬಳಸೋಕೆ ಅಗ್ರಿಗೇಟ್ ಡಿವೈಸ್ (ಎರಡು ಸಾಧನಗಳನ್ನು ಮ್ಯಾಕ್ ಒಂದೇ ಅಂತ ನೋಡುವ ವ್ಯವಸ್ಥೆ) ಮಾಡಿಕೊಂಡಿದ್ದೇನೆ. ಪ್ರಾಜೆಕ್ಟ್ 48,000 ಹರ್ಟ್ಸ್ (ಧ್ವನಿಯನ್ನು ಸೆಕೆಂಡಿಗೆ ಅಷ್ಟು ಸ್ಯಾಂಪಲ್ ಅಳೆಯುತ್ತೆ), ಸಿಂಥ್ ಕೂಡ ಅಷ್ಟೇ, ಬಫರ್ (ಒಂದು ಸಲಕ್ಕೆ ತುಂಬಿಟ್ಟುಕೊಳ್ಳುವ ಸ್ಯಾಂಪಲ್‌ಗಳು) 512.

ಉದ್ದನೆಯ ಪ್ಯಾಡ್ (ಎಳೆದೆಳೆದು ನಿಲ್ಲುವ ಮೆತ್ತನೆಯ ಸ್ವರ) ಹಿಡಿದು ರೆಕಾರ್ಡ್ ಮಾಡಿದರೆ ನಡುನಡುವೆ ‘ಟಕ್’ ಅಂತ ಕಡಿಯುತ್ತೆ. ಕೇಬಲ್ ಬದಲಿಸಿದೆ, ವೈಫೈ ಆಫ್ ಮಾಡಿದೆ, ಬೇರೆ ಸಾಫ್ಟ್‌ವೇರ್‌ಗಳನ್ನೆಲ್ಲ ಮುಚ್ಚಿದೆ. ಏನೂ ಪ್ರಯೋಜನವಾಗಲಿಲ್ಲ. ನಿನ್ನೆ 18 ನಿಮಿಷದ ಒಂದೇ ಟೇಕ್ ತುಂಬಾ ಚೆನ್ನಾಗಿ ಕೂತಿತ್ತು. ಅದು ಐದು ಕಡೆ ಹಾಳಾಗಿದೆ. ಮತ್ತೆ ಹಾಗೆ ನುಡಿಸೋಕೆ ಬರಲ್ಲ ಅನ್ನೋದೇ ಸಂಕಟ.

ಉತ್ತರ 1

ಬಫರ್ 1024 ಮಾಡಿ ನೋಡಿ. ನನಗೆ ಅಷ್ಟರಲ್ಲೇ ಸರಿಹೋಗಿತ್ತು.

ಉತ್ತರ 2

ಸ್ವಲ್ಪ ತಾಳಿ, ಬಫರ್ ಮುಟ್ಟೋಕೆ ಮುಂಚೆ ಮೂರು ವಿಷಯ ನೋಡಿ ಹೇಳಿ. ಪ್ರತಿ ಸಲ ಪ್ಲೇ ಮಾಡಿದಾಗಲೂ ‘ಟಕ್’ ಅದೇ ಜಾಗದಲ್ಲಿ ಬರುತ್ತಾ? ಜಾಗ ಬದಲಾಗುತ್ತಿದ್ದರೆ ರೆಕಾರ್ಡಿಂಗ್ ಸರಿಯಾಗೇ ಇದೆ, ತೊಂದರೆ ಪ್ಲೇಬ್ಯಾಕ್‌ನಲ್ಲಿದೆ. ಐದೂ ಕಡೆ ಎಷ್ಟು ನಿಮಿಷ ಎಷ್ಟು ಸೆಕೆಂಡಿಗೆ ಕಡಿದಿದೆ, ಬರೆದುಕೊಳ್ಳಿ. ಆಮೇಲೆ ಒಂದು ಜಾಗವನ್ನು ಪೂರ್ತಿ ಜೂಮ್ ಮಾಡಿ ಅಲೆ ಹೇಗೆ ಕಾಣುತ್ತೆ ನೋಡಿ.

ಪ್ರಶ್ನೆ ಕೇಳಿದವರು

ಅದೇ ಜಾಗದಲ್ಲೇ ಬರುತ್ತೆ. 3:28, 6:59, 10:29, 14:00, 17:30. ಬರೆದು ನೋಡಿದ ಮೇಲೇ ಗೊತ್ತಾಗಿದ್ದು, ಎಲ್ಲದರ ನಡುವೆಯೂ ಹತ್ತಿರ ಹತ್ತಿರ ಮೂರೂವರೆ ನಿಮಿಷ! ಬಫರ್ 1024 ಇಟ್ಟು ಇನ್ನೊಂದು ಅರ್ಧ ಗಂಟೆ ರೆಕಾರ್ಡ್ ಮಾಡಿದೆ. ಆಗ ಏಳು ನಿಮಿಷಕ್ಕೊಂದು ಬಂತು.

ಜೂಮ್ ಮಾಡಿದರೆ ನಡುವೆ ಖಾಲಿ ಗೆರೆ ಇಲ್ಲ. ಮೇಲೇರುತ್ತಿದ್ದ ಅಲೆ ಅರ್ಧದಲ್ಲಿ ಕತ್ತರಿ ಹಾಕಿದ ಹಾಗೆ ನೇರ ಕೆಳಗಿಳಿದು, ಅಲ್ಲಿಂದ ಏನೂ ಆಗಿಲ್ಲವೆಂಬಂತೆ ಮುಂದುವರಿಯುತ್ತೆ.

ಉತ್ತರ 2

ಹಾಗಾದರೆ ನಿಮ್ಮ ಕಂಪ್ಯೂಟರ್‌ನ ವೇಗಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಎಡವುತ್ತಿದ್ದರೆ ಗಡಿಯಾರ ನೋಡಿಕೊಂಡು ಎಡವುತ್ತಿರಲಿಲ್ಲ.

ಸಿಂಥ್ ಒಳಗೊಂದು ಕ್ರಿಸ್ಟಲ್ (ಗಡಿಯಾರದಂತೆ ವೇಗ ಕೊಡುವ ಭಾಗ) ಇದೆ, ಇಂಟರ್‌ಫೇಸ್ ಒಳಗೆ ಇನ್ನೊಂದು. ಎರಡೂ ‘ನಾನು ಸೆಕೆಂಡಿಗೆ 48,000’ ಅಂತಲೇ ಹೇಳುತ್ತವೆ, ಆದರೆ ಎರಡು ಕ್ರಿಸ್ಟಲ್ ಕರಾರುವಾಕ್ಕಾಗಿ ಒಂದೇ ವೇಗದಲ್ಲಿ ಓಡುವುದಿಲ್ಲ. ಒಂದೇ ಹಾಡಿಗೆ ಇಬ್ಬರು ಒಬ್ಬರನ್ನೊಬ್ಬರು ನೋಡದೆ ತಾಳ ಹಾಕಿದ ಹಾಗೆ. ಹತ್ತು ಲಕ್ಷಕ್ಕೆ 50 ಪಾಲು ವ್ಯತ್ಯಾಸ ಅಂತಿಟ್ಟುಕೊಳ್ಳಿ. ಸೆಕೆಂಡಿಗೆ 2.4 ಸ್ಯಾಂಪಲ್ ಹೆಚ್ಚಾಗಿ ಬಂದು ಬೀಳುತ್ತೆ. 512 ಸ್ಯಾಂಪಲ್ ಸೇರೋಕೆ ಸುಮಾರು 213 ಸೆಕೆಂಡ್, ಅಂದರೆ ಮೂರೂವರೆ ನಿಮಿಷ. ಜಾಗ ತುಂಬಿದಾಗ ಒಂದು ತುಂಡು ಪೂರ್ತಿ ಬಿದ್ದುಹೋಗುತ್ತೆ, ನೀವು ನೋಡಿದ ಕತ್ತರಿ ಗುರುತು ಅದೇ. ಬಫರ್ ಎರಡು ಪಟ್ಟು ಮಾಡಿದಾಗ ಅಂತರವೂ ಎರಡು ಪಟ್ಟಾಯಿತಲ್ಲ, ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಮೊದಲ ಉತ್ತರ ಕೊಟ್ಟವರ ಅನುಭವವನ್ನು ಅಲ್ಲಗಳೆಯುತ್ತಿಲ್ಲ. ಆದರೆ ಏಳು ನಿಮಿಷಕ್ಕೊಮ್ಮೆ ಬರುವ ‘ಟಕ್’ ನಾಲ್ಕು ನಿಮಿಷದ ಹಾಡಿನಲ್ಲಿ ಸಿಗದೇ ಹೋಗಬಹುದು. ಸರಿಹೋಯ್ತು ಅಂದುಕೊಂಡು ಸುಮ್ಮನಾಗುತ್ತೇವೆ. ಯಾವತ್ತೋ ಒಂದು ದಿನ ಒಳ್ಳೇ ಟೇಕ್‌ನಲ್ಲೇ ಅದು ಮತ್ತೆ ಬರುತ್ತೆ.

ಮ್ಯಾಕ್‌ನಲ್ಲಿರುವ ಆಡಿಯೋ ಮಿಡಿ ಸೆಟಪ್ ತೆರೆಯಿರಿ. ನಿಮ್ಮ ಅಗ್ರಿಗೇಟ್ ಡಿವೈಸ್‌ನಲ್ಲಿ ಕ್ಲಾಕ್ ಸೋರ್ಸ್‌ಗೆ ಇಂಟರ್‌ಫೇಸ್ ಆರಿಸಿ. ಸಿಂಥ್‌ನ ಎದುರಿರುವ ಡ್ರಿಫ್ಟ್ ಕರೆಕ್ಷನ್‌ಗೆ (ವೇಗದ ವ್ಯತ್ಯಾಸವನ್ನು ಸರಿದೂಗಿಸುವ ಆಯ್ಕೆ) ಟಿಕ್ ಹಾಕಿ. ಇಂಟರ್‌ಫೇಸ್‌ಗೆ ಬೇಡ, ತಾಳ ಹಾಕುವವರು ಅವರೇ ಅಲ್ಲವೇ.

ಇದಕ್ಕಿಂತ ನನಗೆ ಇಷ್ಟವಾದ ದಾರಿ ಇನ್ನೊಂದಿದೆ. ಸಿಂಥ್‌ನ ಲೈನ್ ಔಟ್‌ನಿಂದ ಎರಡು ಕೇಬಲ್ ಎಳೆದು ಇಂಟರ್‌ಫೇಸ್‌ನ ಲೈನ್ ಇನ್‌ಗೆ ಹಾಕಿ, ಯುಎಸ್‌ಬಿಯನ್ನು ಬರೀ ಮಿಡಿಗೆ ಬಿಡಿ. ಆಗ ಅಳೆಯುವ ಗಡಿಯಾರ ಒಂದೇ ಆಗುತ್ತೆ, ಅಗ್ರಿಗೇಟ್ ಡಿವೈಸೇ ಬೇಕಾಗಲ್ಲ. ‘ಡಿಜಿಟಲ್ ಬಿಟ್ಟು ಅನಲಾಗ್‌ಗೆ ಹೋಗೋದಾ’ ಅಂತ ಕೆಲವರಿಗೆ ಅನ್ನಿಸುತ್ತೆ. ಲೆವೆಲ್ ಸರಿಯಾಗಿಟ್ಟರೆ, ಪೀಕ್ ಮೈನಸ್ 12 ಡೆಸಿಬೆಲ್ ಸುತ್ತಮುತ್ತ ಇದ್ದರೆ, ಒಂದು ಪ್ಯಾಡ್‌ನಲ್ಲಿ ಆ ವ್ಯತ್ಯಾಸ ನನ್ನ ಕಿವಿಗಂತೂ ಸಿಕ್ಕಿಲ್ಲ.

ಇನ್ನೊಬ್ಬ ಓದುಗರು

ನನ್ನದು ವಿಂಡೋಸ್. ಹೊತ್ತುಗೊತ್ತಿಲ್ಲದೆ ಕಡಿಯುತ್ತೆ, ಕೆಲವೊಮ್ಮೆ ನಿಮಿಷಕ್ಕೆ ಮೂರು, ಕೆಲವೊಮ್ಮೆ ಅರ್ಧ ಗಂಟೆ ಏನೂ ಇಲ್ಲ. ಇದೂ ಗಡಿಯಾರದ್ದೇನಾ?

ಉತ್ತರ 2

ಅಲ್ಲ, ನಿಮ್ಮದು ಬೇರೆ. ಲೆಕ್ಕವಿಲ್ಲದೆ ಬಂದರೆ ಡ್ರೈವರ್, ಹಬ್, ಪವರ್ ಸೇವಿಂಗ್ ಕಡೆ ನೋಡಬೇಕು. ಉದಾಹರಣೆಗೆ, 48,000ದಲ್ಲಿ ಬಫರ್ 128 ಅಂದರೆ ಕಂಪ್ಯೂಟರ್‌ಗೆ ಸಿಗೋದು 2.7 ಮಿಲಿಸೆಕೆಂಡ್ ಮಾತ್ರ, ಅಷ್ಟರಲ್ಲಿ ಬೇರೆ ಯಾವುದೋ ಡ್ರೈವರ್ ದಾರಿಗೆ ಅಡ್ಡ ನಿಂತರೆ ಮುಗೀತು. ಯುಎಸ್‌ಬಿ ಆಡಿಯೋದಲ್ಲಿ ಕಳೆದುಹೋದ ಪ್ಯಾಕೆಟ್ಟನ್ನು ಮತ್ತೆ ಕಳಿಸುವ ವ್ಯವಸ್ಥೆಯೂ ಇಲ್ಲ. ಹಬ್ ತೆಗೆದು ನೇರ ಪೋರ್ಟ್‌ಗೆ ಹಾಕಿ, ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ, ಲೇಟೆನ್ಸಿಮಾನ್ (ಯಾವ ಡ್ರೈವರ್ ತಡ ಮಾಡುತ್ತಿದೆ ಅಂತ ತೋರಿಸುವ ಸಾಫ್ಟ್‌ವೇರ್) ಹತ್ತು ನಿಮಿಷ ಓಡಿಸಿ ಯಾವ ಡ್ರೈವರ್ ಹೆಸರು ಮೇಲೆ ಬರುತ್ತೆ ನೋಡಿ. ನಿಮ್ಮಂಥವರಿಗೆ ಬಫರ್ ಹೆಚ್ಚಿಸೋದೂ ನಿಜವಾಗಿ ಕೆಲಸಕ್ಕೆ ಬರುತ್ತೆ.

ಪ್ರಶ್ನೆ ಕೇಳಿದವರು

ಡ್ರಿಫ್ಟ್ ಕರೆಕ್ಷನ್ ಟಿಕ್ ಹಾಕಿ, ಬಫರ್ 512ರಲ್ಲೇ ಇಟ್ಟು, ಒಂದೇ ಕೀ ಮೇಲೆ ಭಾರ ಇಟ್ಟು 40 ನಿಮಿಷ ರೆಕಾರ್ಡ್ ಮಾಡಿದೆ. ಒಂದೂ ಇಲ್ಲ. ತುಂಬಾ ಧನ್ಯವಾದ ಸರ್. ಲೈನ್ ಔಟ್ ಕೇಬಲ್ ಕೂಡ ಎಳೀತೀನಿ. ಹಳೇ ಟೇಕ್ ಉಳಿಸೋಕೆ ದಾರಿ ಇದೆಯಾ?

ಉತ್ತರ 2

ಬಿದ್ದುಹೋಗಿರೋದು ಒಂದೊಂದು ಕಡೆ 10.7 ಮಿಲಿಸೆಕೆಂಡ್ ಅಷ್ಟೇ. ಕಡಿದ ಜಾಗದಲ್ಲಿ ಕ್ಲಿಪ್ಪನ್ನು ಎರಡು ಮಾಡಿ. ಎಡಗಡೆಯ ಅಲೆ ಎಲ್ಲಿ ಮೇಲೇರುತ್ತಾ ಮಧ್ಯದ ಗೆರೆ ದಾಟುತ್ತೋ, ಬಲಗಡೆಯದ್ದೂ ಅಲ್ಲೇ ಹಾಗೇ ದಾಟುವಂತೆ ಸ್ವಲ್ಪ ಸರಿಸಿ ಕೂರಿಸಿ, ಮೇಲೆ 10 ಮಿಲಿಸೆಕೆಂಡ್ ಕ್ರಾಸ್‌ಫೇಡ್ (ಒಂದು ತುಂಡು ತಗ್ಗುತ್ತಾ ಇನ್ನೊಂದು ಏರುವ ಬೆಸುಗೆ) ಹಾಕಿ. ಪ್ಯಾಡ್ ಆದ್ದರಿಂದ ಕೂರುತ್ತೆ.

ಪ್ರಶ್ನೆ ಕೇಳಿದವರು

ಕೂತಿತು! ನಾಲ್ಕು ಕಡೆ ಎಲ್ಲಿತ್ತು ಅಂತ ನನಗೇ ಹುಡುಕೋಕೆ ಆಗ್ತಿಲ್ಲ. 10:29ರದ್ದು ಮಾತ್ರ ಫಿಲ್ಟರ್ ತೆರೆಯುವ ಹೊತ್ತಿಗೇ ಬಂದಿರೋದರಿಂದ ಇನ್ನೂ ಕೇಳಿಸುತ್ತೆ. ಅದರ ಸುತ್ತಲಿನ ನಾಲ್ಕು ಬಾರ್ (ತಾಳದ ಆವರ್ತ) ಇವತ್ತು ರಾತ್ರಿ ಮತ್ತೆ ನುಡಿಸ್ತೀನಿ.