ಸಹಾಯ ಬೇಕು: ಕಾಮನ್ ಲಿಸ್ಪ್‌ನಲ್ಲಿ ಸ್ಟ್ರಿಂಗ್ ಮತ್ತು ಸಿಂಬಲ್ ಹೋಲಿಕೆ

ಎಲ್ಲರಿಗೂ ನಮಸ್ಕಾರ. ಫೈಲಿನಿಂದ ರೀಡ್-ಲೈನ್ (ಒಂದೊಂದೇ ಸಾಲು ಓದುವ ಫಂಕ್ಷನ್) ಮೂಲಕ ಆಜ್ಞೆಗಳನ್ನು ಓದಿ, ಪ್ರೋಗ್ರಾಮಿನಲ್ಲಿರುವ ಸಿಂಬಲ್‌ಗಳ (ಲಿಸ್ಪ್‌ನಲ್ಲಿ ಹೆಸರುಳ್ಳ ವಸ್ತುಗಳು) ಜೊತೆ ಹೋಲಿಸಬೇಕು. ಓದಿದ್ದೆಲ್ಲ ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿಯೇ ಬರುತ್ತದೆ.

ಮೊದಲು ಕೇಸ್ (ಮೌಲ್ಯ ನೋಡಿ ಕವಲು ಆರಿಸುವ ರಚನೆ) ಬಳಸಿದ್ದೆ, ಒಂದೂ ಹೊಂದಲಿಲ್ಲ. ಅದು ಈಕ್ಯೂಎಲ್‌ನಿಂದ ಹೋಲಿಸುತ್ತದೆ, ಅದು ಅಕ್ಷರಗಳು ಒಂದೇ ಇದ್ದರೂ ಎರಡು ಬೇರೆ ಸ್ಟ್ರಿಂಗ್‌ಗಳಿಗೆ ನಿಲ್ (ಅಂದರೆ ಸುಳ್ಳು) ಕೊಡುತ್ತದೆ. ಹ್ಯಾಶ್ ಟೇಬಲ್‌ನಲ್ಲೂ (ಕೀ ಕೊಟ್ಟು ಮೌಲ್ಯ ಹುಡುಕುವ ಪಟ್ಟಿ) ಇದೇ ಕಥೆ. ಟೆಸ್ಟ್ ಜಾಗದಲ್ಲಿ ಈಕ್ವಲ್ (ಸ್ಟ್ರಿಂಗ್‌ಗಳ ಅಕ್ಷರಗಳನ್ನೇ ಹೋಲಿಸುವುದು) ಕೊಟ್ಟ ಮೇಲೆ ಸರಿಹೋಯಿತು. (ಕಂಪೈಲ್ ಮಾಡಿದ ಫೈಲಿನಲ್ಲಿ ಒಂದೇ ರೀತಿಯ ಲಿಟರಲ್‌ಗಳನ್ನು (ಕೋಡ್‌ನಲ್ಲೇ ನೇರ ಬರೆದ ಸ್ಟ್ರಿಂಗ್‌ಗಳು) ಕಂಪೈಲರ್ ಒಂದಾಗಿಸಬಹುದು. ಆಗ ಈಕ್ಯೂ (ಎರಡೂ ಒಂದೇ ವಸ್ತುವೇ ಎಂದು ನೋಡುವ ಹೋಲಿಕೆ) ಕೂಡ ನಿಜ ಎನ್ನುತ್ತದೆ, ಅದನ್ನು ನಂಬಬೇಡಿ.)

ಈಗಿನ ತೊಡಕು ಅಕ್ಷರದ ಗಾತ್ರದ್ದು. ರೀಡರ್ (ಕೋಡ್ ಓದುವ ಲಿಸ್ಪ್‌ನ ಭಾಗ) ಸಿಂಬಲ್ ಹೆಸರನ್ನು ದೊಡ್ಡಕ್ಷರಕ್ಕೆ ತಿರುಗಿಸುತ್ತದೆ, ಫೈಲಿನಲ್ಲಿರುವುದು ಸಣ್ಣಕ್ಷರ. ಹಾಗಾಗಿ ಗಾತ್ರವನ್ನೂ ನೋಡುವ ಸ್ಟ್ರಿಂಗ್= ಸೋಲುತ್ತದೆ, ಅದನ್ನು ಲೆಕ್ಕಿಸದ ಸ್ಟ್ರಿಂಗ್-ಈಕ್ವಲ್ ಗೆಲ್ಲುತ್ತದೆ. ಅಕ್ಷರದ ಗಾತ್ರ ಲೆಕ್ಕಿಸದ ಈಕ್ವಲ್‌ಪಿ ಟೇಬಲ್ ಬೇಡ: ಕೀಗಳಲ್ಲಿ ಸಂಖ್ಯೆಗಳೂ ಇವೆ, ಅದು 1 ಮತ್ತು 1.0 ಎರಡನ್ನೂ ಒಂದೇ ಎಂದು ನೋಡುತ್ತದೆ.

ಇಂಟರ್ನ್ ಮಾಡಿದರೆ (ಸ್ಟ್ರಿಂಗ್‌ನಿಂದ ಸಿಂಬಲ್ ಪಡೆಯುವುದು, ಇಲ್ಲದಿದ್ದರೆ ಹೊಸದು ಮಾಡುವುದು) ಸಿಂಬಲ್ ಆ ಕ್ಷಣದ ಪ್ಯಾಕೇಜಿಗೆ (ಸಿಂಬಲ್ ಹೆಸರುಗಳ ಗುಂಪು) ಸೇರುತ್ತದೆ. ಹೆಸರು ಒಂದೇ ಇದ್ದರೂ ಪ್ಯಾಕೇಜ್ ಬೇರೆಯಾದರೆ ಈಕ್ಯೂ ನಿಲ್. ತಪ್ಪು ಆಜ್ಞೆಗಳೂ ಸಿಂಬಲ್‌ಗಳಾಗಿ ಪ್ಯಾಕೇಜಿನಲ್ಲಿ ಉಳಿದುಬಿಡುತ್ತವೆ.

ಯೋಚಿಸಿರುವ ದಾರಿ: ಸ್ಟ್ರಿಂಗ್-ಅಪ್‌ಕೇಸ್‌ನಿಂದ ದೊಡ್ಡಕ್ಷರ ಮಾಡಿ, ಕೀವರ್ಡ್ ಪ್ಯಾಕೇಜಿನಲ್ಲಿ ಫೈಂಡ್-ಸಿಂಬಲ್‌ನಿಂದ (ಹೊಸ ಸಿಂಬಲ್ ಮಾಡದೆ) ಹುಡುಕಿ, ಎರಡನೇ ಮೌಲ್ಯ ನಿಲ್ ಬಂದರೆ, ಅಂದರೆ ಸಿಗದಿದ್ದರೆ, ದೋಷ ತೋರಿಸುವುದು. ಆದರೆ ಬೇರೆ ಲೈಬ್ರರಿಯ ಕೀವರ್ಡ್‌ಗಳೂ ಅಲ್ಲಿಯೇ ಇರುತ್ತವೆ, ಆದ್ದರಿಂದ ಸಿಕ್ಕಿದ ಮಾತ್ರಕ್ಕೆ ಅದು ನಮ್ಮ ಆಜ್ಞೆ ಎನ್ನುವಂತಿಲ್ಲ. ಇದಕ್ಕಿಂತ ಸ್ಟ್ರಿಂಗ್ ಕೀಗಳನ್ನೇ ಸಣ್ಣಕ್ಷರಕ್ಕೆ ತಂದು ಈಕ್ವಲ್ ಟೇಬಲ್‌ನಲ್ಲಿ ಇಡುವುದು ವಾಸಿಯೇ? ಸುಮಾರು 40 ಆಜ್ಞೆಗಳಿವೆ. ಬಳಸಿ ನೋಡಿದವರು ದಯವಿಟ್ಟು ಕಾರಣ ಸಮೇತ ತಿಳಿಸಿ.